ಡೆಟ್ರಾಯಿಟ್‌ನಲ್ಲಿ ಅರೀತಾ ಸ್ಮರಣೆ

ಡೆಟ್ರಾಯಿಟ್, ಮಿಶಿಗನ್

ತಂಗಿಗೆ,

ಅರೀತಾ ಫ್ರಾಂಕ್ಲಿನ್ (1942–2018) ಅವರನ್ನು ಲೋಕವು ಸೋಲ್ ಸಂಗೀತದ ರಾಣಿಯೆಂದು ಕೊಂಡಾಡಿದೆ. ಸೋಲ್ ಎಂಬುದು ಆಫ್ರಿಕನ್ ಅಮೆರಿಕನ್ನರ ಚರ್ಚುಗಳಲ್ಲಿ ಬೆಳೆದ ಗಾಸ್ಪೆಲ್ ಭಕ್ತಿಗಾಯನದ ರೀತಿಯನ್ನು ಪ್ರೇಮ, ವಿರಹ, ಸ್ವಾಭಿಮಾನಗಳ ಲೌಕಿಕ ಹಾಡುಗಳಿಗೆ ಒಗ್ಗಿಸಿಕೊಂಡ ಪ್ರಕಾರ. ಆದರೆ ಅರೀತಾ ಸಮರ್ಥ ಪಿಯಾನೊ ವಾದಕಿಯೂ ಆಗಿದ್ದರೆಂಬ ಸಂಗತಿ ಆ ಕಂಠದ ಪ್ರಭೆಯಲ್ಲಿ ಬಹುಮಟ್ಟಿಗೆ ಮರೆಯಾಗಿದೆ. ಅವರು ಬೆಳೆದ ಈ ನಗರದಲ್ಲಿ, ಪಾಶ್ಚಾತ್ಯ ಶಾಸ್ತ್ರೀಯ, ಜಾಸ್ ಮತ್ತು ಗಾಸ್ಪೆಲ್ ಮೂರರಲ್ಲೂ ನುರಿತ ಪಿಯಾನೊ ಕಲಾವಿದೆಯೊಬ್ಬರು ಗಾಯಕರ ನೆರವಿಲ್ಲದೆ ಒಬ್ಬರೇ ನಡೆಸಿಕೊಟ್ಟ ಸ್ಮರಣಾರ್ಥ ಕಛೇರಿ ಆ ಮರೆವನ್ನು ನೀಗುವ ಪ್ರಯತ್ನವಾಗಿತ್ತು.

1946ರಲ್ಲಿ ಇಲ್ಲಿನ ನ್ಯೂ ಬೆಥೆಲ್ ಬ್ಯಾಪ್ಟಿಸ್ಟ್ ಚರ್ಚಿನ ಪಾದ್ರಿಯಾದ, ಅರೀತಾ ಅವರ ತಂದೆ ಸಿ. ಎಲ್. ಫ್ರಾಂಕ್ಲಿನ್ ಅವರ ಮನೆಗೆ ಹೆಸರಾಂತ ಗಾಸ್ಪೆಲ್ ಗಾಯಕರು ಬಂದುಹೋಗುತ್ತಿದ್ದರು. ಅರೀತಾ ಸ್ವರಲಿಪಿಯ ಹಂಗಿಲ್ಲದೆ ಬರೀ ಕೇಳ್ಮೆಯಿಂದ ಪಿಯಾನೊ ಕಲಿತರು. ಕೊಲಂಬಿಯಾ ಧ್ವನಿಮುದ್ರಣ ಕಂಪನಿಗೆ ಹಾಡಿದ ವರ್ಷಗಳಲ್ಲಿ ಅವರ ಕಂಠ ಅನೇಕ ಸಲ ವಾದ್ಯವೃಂದದ ಅಬ್ಬರದ ಅಡಿಯಲ್ಲಿ ಉಳಿಯಿತು. 1967ರ ಜನವರಿಯಲ್ಲಿ ಅಟ್ಲಾಂಟಿಕ್ ಕಂಪನಿಯ ಜೆರ್ರಿ ವೆಕ್ಸ್ಲರ್ ಅರೀತಾ ಅವರನ್ನು ಅಲಬಾಮಾದ ಮಸಲ್ ಶೋಲ್ಸ್‌ನ ಫೇಮ್ ಸ್ಟುಡಿಯೊದಲ್ಲಿ ಪಿಯಾನೊದ ಮುಂದೆಯೇ ಕೂರಿಸಿ ಹಾಡಿಸಿದಾಗ, ಅಲ್ಲಿನ ವಾದಕ ಸ್ಪೂನರ್ ಓಲ್ಡಮ್ ಆ ಜಾಗ ಬಿಟ್ಟುಕೊಟ್ಟು ಎಲೆಕ್ಟ್ರಿಕ್ ಪಿಯಾನೊಗೆ ಸರಿದರು. ಹಾಡಿನ ನಿಲುಗಡೆ, ಒತ್ತು, ಓಟಗಳನ್ನು ಹಾಡುವವರ ಕೈಯೇ ನಿರ್ಧರಿಸತೊಡಗಿದ ಮೇಲೆ ಆ ಕಂಠಕ್ಕೆ ತನ್ನ ನೆಲ ಸಿಕ್ಕಿತೆಂದು ಹೇಳಬಹುದು.

ಆ ಕಂಠವನ್ನು ಗಾಯಕರಿಲ್ಲದೆ ಪಿಯಾನೊದಲ್ಲೇ ಮೂಡಿಸಹೊರಟಾಗ ಆ ವಾದ್ಯದ ಮೂಲಭೂತ ಮಿತಿ ಎದುರಾಗುತ್ತದೆ. ಅರೀತಾ ಅವರ ಗಾಯನ ಸ್ವರಗಳ ನಡುವಿನ ಜಾರಿನಲ್ಲಿ, ಹಿಂದೂಸ್ತಾನಿಯವರು ಮೀಂಡ್ ಎನ್ನುವ ಚಲನೆಯನ್ನು ಹೋಲುವ ನಡೆಯಲ್ಲಿ ಜೀವಿಸುತ್ತದೆ. ಕೀಲಿಮಣೆಯಲ್ಲಾದರೋ ಎರಡು ಮನೆಗಳ ನಡುವೆ ದಾರಿಯೇ ಇಲ್ಲ. ಇಂಥದೇ ಕೊರತೆ 1940ರಲ್ಲಿ ಆಕಾಶವಾಣಿಯು ಹಾರ್ಮೋನಿಯಂ ಅನ್ನು ನಿಷೇಧಿಸಿದ್ದಕ್ಕೆ ಒಂದು ಕಾರಣವಾಗಿತ್ತಾದ್ದರಿಂದ, ಧಾರವಾಡದಲ್ಲಿ ಆ ವಾದ್ಯ ಕಲಿಸುವ ತಂಗಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಗಾಸ್ಪೆಲ್ ವಾದಕರು ಕಂಡುಕೊಂಡ ಉಪಾಯವೆಂದರೆ, ಕೋಮಲ ಗಾಂಧಾರವನ್ನು ಕ್ಷಣಮಾತ್ರ ಮುಟ್ಟಿ ಶುದ್ಧ ಗಾಂಧಾರದ ಮೇಲೆ ಬೆರಳನ್ನು ಜಾರಿಸಿ, ಇಲ್ಲದ ಸ್ವರವೊಂದರ ಭ್ರಮೆ ಹುಟ್ಟಿಸುವುದು. ಕಲಾವಿದೆ ಇದನ್ನು ಅಪಾರ ಸಂಯಮದಿಂದ ಬಳಸಿದರು.

ಅವರ ಬಹುಮುಖ ವಿದ್ವತ್ತು ಒಂದೆರಡು ಕಡೆ ಅಡ್ಡಿಯೂ ಆಯಿತು. ಅರೀತಾ ಹಾಡಿದ 'ರೆಸ್ಪೆಕ್ಟ್' ಹಾಡನ್ನು ಜಾಸ್ ಕ್ರಮದಲ್ಲಿ ದೀರ್ಘವಾಗಿ ವಿಸ್ತರಿಸಿದಾಗ ಬೆರಳುಗಳ ಚಮತ್ಕಾರವೇ ಮುಂದಾಗಿ, ಗೌರವವನ್ನು ಹಕ್ಕಿನಿಂದ ಕೇಳುವ ಆ ಹಾಡಿನ ನೇರತನ ಹಿಂದೆ ಬಿತ್ತು. ಆದರೆ ನಿಧಾನಗತಿಯ ಭಕ್ತಿಗೀತೆಗಳಲ್ಲಿ ಎಡಗೈ ಭಾರವಾದ ಮಂದ್ರಸ್ವರಗಳನ್ನು ಊರುತ್ತ, ಬಲಗೈ ಗಾಯಕಿ ಹಾಡಬೇಕಾಗಿದ್ದ ಸಾಲನ್ನು ಅರ್ಧಕ್ಕೇ ಬಿಟ್ಟು ಅದಕ್ಕೆ ಓಗೊಡುವ ಸ್ವರಗಳನ್ನು ಮಾತ್ರ ನುಡಿಸಿದಾಗ, ಉಳಿದರ್ಧ ಸಭಿಕರ ಬಾಯಲ್ಲಿ ತಾನಾಗಿ ಮೂಡಿತು. ಮಧ್ಯಮವನ್ನು ಆಧಾರವಾಗಿಟ್ಟ ಸ್ವರಗುಚ್ಛದಿಂದ ಷಡ್ಜದ ಸ್ವರಗುಚ್ಛಕ್ಕೆ ಮರಳುವ, ಪ್ರಾರ್ಥನೆಯ ಕೊನೆಯ 'ಆಮೆನ್'ಗೆ ಒದಗುವ ಮುಕ್ತಾಯವನ್ನು ಅವರು ಮತ್ತೆ ಮತ್ತೆ ತಡೆಹಿಡಿದು ಕೊಟ್ಟ ರೀತಿ ಇಡೀ ಕಛೇರಿಯ ಶ್ರೇಷ್ಠ ಭಾಗವಾಗಿತ್ತು.

ಅರೀತಾ ಲಾಸ್ ಏಂಜಲಿಸ್‌ನ ಚರ್ಚೊಂದರಲ್ಲಿ 1972ರ ಜನವರಿಯ ಎರಡು ರಾತ್ರಿ ಹಾಡಿದ್ದನ್ನು ಚಿತ್ರೀಕರಿಸಿದ 'ಅಮೇಜಿಂಗ್ ಗ್ರೇಸ್' ಎಂಬ ಚಲನಚಿತ್ರ, ಧ್ವನಿ ಮತ್ತು ದೃಶ್ಯಗಳನ್ನು ಹೊಂದಿಸಲಾಗದ ತೊಡಕಿನಿಂದ ದಶಕಗಳ ಕಾಲ ಮೂಲೆಗೆ ಬಿದ್ದು, ಅವರ ಮರಣಾನಂತರ 2018ರಲ್ಲಿ ತೆರೆಕಂಡಿತು. ಅದರಲ್ಲಿ ಅವರು ಪಿಯಾನೊ ನುಡಿಸುತ್ತ ಹಾಡುವುದನ್ನು ಕಾಣಬಹುದಾದ್ದರಿಂದ, ಮನೆಯವರೆಲ್ಲ ಅದನ್ನು ತಪ್ಪದೆ ನೋಡಬೇಕು; ಹಾರ್ಮೋನಿಯಂ ಕಲಿಯುವ ಮಕ್ಕಳಿಗೂ ತೋರಿಸಬೇಕು.

ಇತಿ,
ಅಣ್ಣ