ನೆಲದ ಮೇಲಣ ವಿಮಾನ

ವಿಮಾನವೆಂದೊಡನೆ ನಮ್ಮ ಮನಸ್ಸು ಆಕಾಶಕ್ಕೆ ಹಾರುತ್ತದೆ. ಭಯಪಡುವವರು ಭಯಪಡುವುದೂ ಆಕಾಶಕ್ಕೇ. ನಿಲ್ದಾಣದಿಂದ ಹೊರಟು ರನ್‌ವೇಯ ಕಡೆಗೆ ಅದು ಮದುವೆಯ ದಿಬ್ಬಣದಂತೆ ನಿಧಾನವಾಗಿ ಸಾಗುವ ಹತ್ತು ಹದಿನೈದು ನಿಮಿಷಗಳನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಆಗ ನಾವು ಬೆಲ್ಟು ಬಿಗಿದುಕೊಂಡು, ಕಿಟಕಿಯ ಪಕ್ಕವೇ ಬೇಕೆಂದು ಹಟಮಾಡುವ ಮಗುವನ್ನು ಸಮಾಧಾನಪಡಿಸುತ್ತಿರುತ್ತೇವೆ. ಈ ನಡಿಗೆಗೆ ‘ಟ್ಯಾಕ್ಸಿ ಮಾಡುವುದು’ ಎಂದೇ ಹೆಸರು. ಊರಿನ ಟ್ಯಾಕ್ಸಿಯವನೊಡನೆ ಜಗಳವಾಡಿ ಬಂದವರಿಗೆ ಇದು ವಿನೋದವಾಗಿ ತೋರಬಹುದು.

ಆದರೆ ವಿಮಾನಕ್ಕೆ ನೆಲವೇ ಪರದೇಶ. ದೊಡ್ಡ ಜೆಟ್ಟುಗಳ ರೆಕ್ಕೆಗಳು ತುದಿಯಿಂದ ತುದಿಗೆ ಸುಮಾರು 60 ಮೀಟರು. ಚಾಲಕನ ಆಸನದಿಂದ ಆ ತುದಿಗಳು ಸಾಮಾನ್ಯವಾಗಿ ಕಾಣವು. ದಾರಿ ತಿಳಿಯಬೇಕಾದುದು ನೆಲದ ಹಳದಿ ಗೆರೆಗಳಿಂದ, ಫಲಕದ ಅಕ್ಷರಗಳಿಂದ, ಇರುಳಾದರೆ ನೀಲಿ ಹಸಿರು ದೀಪಗಳಿಂದ. ಎಲ್ಲಕ್ಕೂ ಮಿಗಿಲಾಗಿ, ನಿಯಂತ್ರಣ ಗೋಪುರದಿಂದ ರೇಡಿಯೋದಲ್ಲಿ ಕೇಳಿಬರುವ ಮಾತಿನಿಂದ. ಮಾತು ಎಂದೊಡನೆ, ಕನ್ನಡ ಪಾಠ ಹೇಳುವ ನನ್ನ ಕಿವಿ ನಿಮಿರುತ್ತದೆ.

1977ರ ಮಾರ್ಚ್ 27ರಂದು ಸ್ಪೇನಿನ ಕೆನರಿ ದ್ವೀಪಗಳಲ್ಲೊಂದಾದ ಟೆನೆರಿಫೆಯಲ್ಲಿ ನಡೆದುದು ಮಾತಿನ ಕತೆಯೇ. ನೆರೆಯ ದ್ವೀಪದ ನಿಲ್ದಾಣದಲ್ಲಿ ಬಾಂಬು ಸಿಡಿದುದರಿಂದ ಅಲ್ಲಿಗೆ ಹೋಗಬೇಕಾಗಿದ್ದ ವಿಮಾನಗಳು ಲೋಸ್ ರೋಡಿಯೋಸ್ ಎಂಬ ಸಣ್ಣ ನಿಲ್ದಾಣಕ್ಕೆ ಬಂದು ತುಂಬಿಕೊಂಡವು. ಟ್ಯಾಕ್ಸಿವೇಯಲ್ಲೇ ವಿಮಾನಗಳು ನಿಂತುಬಿಟ್ಟುದರಿಂದ, ಹೊರಡುವವು ರನ್‌ವೇಯ ಮೇಲೆಯೇ ಸಾಗಿ, ತುದಿಯಲ್ಲಿ ಹಿಂದಿರುಗಿ ನಿಲ್ಲಬೇಕಾಯಿತು. ಡಚ್ಚರ ಕೆ.ಎಲ್.ಎಂ. ವಿಮಾನ ಮುಂದೆ, ಅಮೆರಿಕದ ಪ್ಯಾನ್ ಆಮ್ ಹಿಂದೆ. ಎರಡೂ ಬೋಯಿಂಗ್ 747. ಅಷ್ಟರಲ್ಲಿ ಮಂಜು ಕವಿಯಿತು. ಗೋಪುರಕ್ಕೆ ವಿಮಾನಗಳು ಕಾಣವು, ವಿಮಾನಗಳಿಗೆ ಒಂದನ್ನೊಂದು ಕಾಣವು. ನೆಲವನ್ನು ನೋಡುವ ರೇಡಾರ್ ಅಲ್ಲಿರಲಿಲ್ಲ. ಮೂರನೆಯ ಕವಲಿನಲ್ಲಿ ಹೊರಳಬೇಕೆಂದು ಪ್ಯಾನ್ ಆಮ್‌ಗೆ ಅಪ್ಪಣೆಯಾಗಿತ್ತು; ಅದು ಆ ಕವಲನ್ನು ದಾಟಿ ಮುಂದೆ ಹೋಯಿತು. ಅತ್ತ ತುದಿಯಲ್ಲಿ ನಿಂತ ಡಚ್ ವಿಮಾನಕ್ಕೆ, ಹಾರಿದ ಬಳಿಕ ಹಿಡಿಯಬೇಕಾದ ಮಾರ್ಗವನ್ನು ಗೋಪುರದವರು ತಿಳಿಸಿದರು. ಆ ಮಾತಿನೊಳಗೆ ‘ಟೇಕಾಫ್’ ಎಂಬ ಶಬ್ದವಿತ್ತು, ಟೇಕಾಫ್‌ಗೆ ಅನುಮತಿಯಿರಲಿಲ್ಲ. ಕ್ಯಾಪ್ಟನ್ ಹೊರಟೇಬಿಟ್ಟರು. ನಾವೀಗ ಟೇಕಾಫಿನಲ್ಲಿದ್ದೇವೆ ಎಂಬರ್ಥದ ಮಾತನ್ನು ಸಹಚಾಲಕರು ಆಡಿದರು. ಹೊರಡುವ ಜಾಗದಲ್ಲಿ ಕಾದಿದ್ದಾರೆಂದು ಬಗೆದ ಗೋಪುರದವರು ‘ಓಕೆ’ ಎಂದರು. ತುಸು ತಡೆದು, ಕಾದಿರಿ, ನಾನೇ ಕರೆಯುತ್ತೇನೆ ಎಂದು ಸೇರಿಸಿದರು. ಅದೇ ಕ್ಷಣದಲ್ಲಿ, ನಾವಿನ್ನೂ ರನ್‌ವೇಯ ಮೇಲೆ ಸಾಗುತ್ತಿದ್ದೇವೆ ಎಂದು ಪ್ಯಾನ್ ಆಮ್ ಹೇಳಿತು. ಎರಡು ಮಾತು ಒಂದೇ ತರಂಗದಲ್ಲಿ ತಾಕಲಾಡಿ, ಡಚ್ಚರ ಕಿವಿಗೆ ಬಿದ್ದುದು ‘ಓಕೆ’ ಎಂಬುದೂ ಒಂದು ಕೀರಲು ಸದ್ದೂ.

ಆ ವಿಮಾನ ಇನ್ನೂ ದಾರಿಯಿಂದ ಸರಿದಿಲ್ಲವೇ ಎಂದು ಡಚ್ ವಿಮಾನದ ಇಂಜಿನಿಯರರು ಕೇಳಿದ್ದುಂಟು. ಸರಿದಿದೆ ಎಂದು ಕ್ಯಾಪ್ಟನ್ ಒತ್ತಿ ನುಡಿದರು. ಅವರು ಆ ಕಂಪನಿಯಲ್ಲಿ ಚಾಲಕರಿಗೆ ತರಬೇತಿ ಕೊಡುವ ಹಿರಿಯರು. ಕೇಳಿದವರು ಮತ್ತೆ ಕೇಳಲಿಲ್ಲ. 583 ಜನ ಸತ್ತರು. ಹಿರಿಯರಿಗೆ ಎದುರಾಡಬಾರದೆಂಬ ಮನೆಗಳಲ್ಲಿ ಬೆಳೆದ ನಮಗೆ ಆ ಮೌನ ಅಪರಿಚಿತವಲ್ಲ.

ಆಮೇಲೆ ವಿಮಾನಲೋಕವು ಮಾಡಿಕೊಂಡ ಸುಧಾರಣೆಗಳಲ್ಲಿ ನನಗೆ ಅತ್ಯಂತ ಮೆಚ್ಚಿಕೆಯಾದುದು ಭಾಷೆಗೆ ಸಂಬಂಧಿಸಿದುದು. ‘ಟೇಕಾಫ್’ ಎಂಬ ಶಬ್ದವನ್ನು ಅದಕ್ಕೆ ಅನುಮತಿ ಕೊಡುವಾಗ ಇಲ್ಲವೆ ರದ್ದುಮಾಡುವಾಗ ಮಾತ್ರ ಉಚ್ಚರಿಸಬೇಕು, ಉಳಿದೆಡೆ ‘ಡಿಪಾರ್ಚರ್’. ಒಂದು ಶಬ್ದಕ್ಕೆ ಮಡಿ ಉಡಿಸಿದಂತಾಯಿತು! ರನ್‌ವೇಯನ್ನು ಹೊಗುವ, ದಾಟುವ, ಹೊರಗೆ ನಿಲ್ಲುವ ಅಪ್ಪಣೆಗಳನ್ನು ಚಾಲಕರು ತಿರುಗಿ ಒಪ್ಪಿಸಬೇಕು. ಬರಿಯ ‘ಓಕೆ’ ಸಲ್ಲದು. ‘ತಿಳಿಯಿತೇ?’ ಎಂದಾಗ ಹಿಂದಿನ ಬೆಂಚಿನಿಂದ ಬರುವ ‘ಹ್ಞೂಂ ಸಾರ್’ ಎಂಬುದರ ಬೆಲೆಯನ್ನು ಬಲ್ಲ ಉಪನ್ಯಾಸಕರೆಲ್ಲ ಈ ನಿಯಮಕ್ಕೆ ಕೈಮುಗಿದಾರು.

ಆಡಿದ ಮಾತು ಸರಿಯಿದ್ದರೂ ನೆಲದ ಬರಹ ಕೈಕೊಡುವುದುಂಟು. 2001ರ ಅಕ್ಟೋಬರ್ 8ರಂದು ಇಟಲಿಯ ಮಿಲಾನಿನ ಲಿನಾಟೆಯಲ್ಲಿ, ಮಂಜಿನ ಬೆಳಗಿನಲ್ಲಿ, ಆರ್5 ಹಿಡಿಯಬೇಕಾಗಿದ್ದ ಸಣ್ಣ ಜೆಟ್ ಆರ್6 ಹಿಡಿದು, ಹಾರಲು ಓಡುತ್ತಿದ್ದ ವಿಮಾನದೆದುರು ಬಂತು. ನೆಲದ ಮೇಲೆ ಕಂಡ ಎಸ್4 ಎಂಬ ಗುರುತನ್ನು ಅದರ ಚಾಲಕರು ತಿಳಿಸಿಯೇ ಇದ್ದರು. ಅದು ಎಲ್ಲಿದೆಯೆಂದು ಗೋಪುರದವರಿಗೇ ಗೊತ್ತಿರಲಿಲ್ಲ. ನೆಲದ ರೇಡಾರ್ ಕೆಲಸದಲ್ಲಿರಲಿಲ್ಲ. 118 ಜನ ಸತ್ತರು.

ಇಂದು ಅನೇಕ ದೊಡ್ಡ ನಿಲ್ದಾಣಗಳಲ್ಲಿ ರನ್‌ವೇಯ ಹೊಸ್ತಿಲಿಗೆ ಕೆಂಪು ದೀಪಗಳ ಸಾಲಿದೆ. ನೆಲದ ಮೇಲಿನ ವಿಮಾನಗಳ ಚಲನೆ ಗೋಪುರದ ತೆರೆಯಲ್ಲಿ ಮೂಡುತ್ತದೆ. ಆದರೂ 2024ರ ಜನವರಿ 2ರ ಸಂಜೆ ಟೋಕಿಯೋದ ಹನೇಡಾದಲ್ಲಿ ಮಾತು ಮತ್ತೆ ಕಾಲುತೊಡರಿತು. ಭೂಕಂಪಪೀಡಿತರಿಗೆ ಸಾಮಗ್ರಿ ಒಯ್ಯಲಿದ್ದ ಕರಾವಳಿ ರಕ್ಷಣಾಪಡೆಯ ವಿಮಾನಕ್ಕೆ ಗೋಪುರದವರು, ಹೊರಡುವ ಸರದಿಯಲ್ಲಿ ‘ನಂಬರ್ ಒನ್’ ಎಂದು ತಿಳಿಸಿ, ರನ್‌ವೇಯ ಹೊರಗಿನ ಗೆರೆಯವರೆಗೆ ಬರಲು ಹೇಳಿದರು. ಚಾಲಕರು ಅದನ್ನು ತಿರುಗಿ ಒಪ್ಪಿಸಿದರು ಕೂಡ. ಆದರೆ ಒಳಹೊಗಲು ಅನುಮತಿ ದೊರೆಯಿತೆಂದು ಬಗೆದು ರನ್‌ವೇಗೆ ಬಂದು ಸುಮಾರು 40 ಸೆಕೆಂಡು ನಿಂತರು. ಹಿಂದಿನಿಂದ ಜಪಾನ್ ಏರ್‌ಲೈನ್ಸ್ ವಿಮಾನ ಬಂದಿಳಿಯಿತು. ಉರಿಯುತ್ತಿದ್ದ ಆ ವಿಮಾನದಿಂದ 379 ಜನರೂ ಜೀವಸಹಿತ ಹೊರಬಂದರು. ಸಣ್ಣ ವಿಮಾನದ 6 ಜನರಲ್ಲಿ 5 ಜನ ಉಳಿಯಲಿಲ್ಲ. ಕೆಲವೇ ದಿನಗಳಲ್ಲಿ ಜಪಾನ್ ಸರ್ಕಾರವು, ಹೊರಡುವ ವಿಮಾನಗಳಿಗೆ ಸರದಿಯ ಸಂಖ್ಯೆ ಹೇಳುವುದನ್ನು ಆಗಿನ ಮಟ್ಟಿಗೆ ನಿಲ್ಲಿಸಿತು.