ಭುಜ ತಾಳುವಷ್ಟು

17 ಸೆಪ್ಟೆಂಬರ್ 2024, ಮಂಗಳವಾರ

ರಾತ್ರಿ ಮತ್ತೆ ಹಂದಿ. ಹಳ್ಳದ ಕಡೆ ಬದುವಿಗೆ ಹತ್ತಿದ ತೊಗರಿ ಸಾಲು ಮಗ್ಗುಲಾಗಿ ಬಿದ್ದಿವೆ. ನೆಲವನ್ನೆಲ್ಲ ಮೂತಿಯಿಂದ ತಿರುವಿ ಹಾಕಿವೆ. ನೆಲೋಗಿಯೊಳಗೆ ವಿಮೋಚನಾ ದಿನದ ಧ್ವಜ, ಮೈಕು. ನಾನು ಬಿದ್ದ ಗಿಡ ಎತ್ತಿ ಬುಡಕ್ಕೆ ಮಣ್ಣು ಒತ್ತುತ್ತಿದ್ದೆ. ನಿಲ್ಲುವುದಿಲ್ಲ ಅಂತ ಗೊತ್ತಿದ್ದೂ.

ಸಂಜೆ ಅಪ್ಪ ಟ್ರಂಕಿನಿಂದ ಬಂದೂಕಿನ ಲೈಸೆನ್ಸ್ ಪುಸ್ತಕ ತೆಗೆದು ಮುಂದಿಟ್ಟ. "ಎಪ್ಪತ್ನಾಕು ಆಯ್ತು ತಂಗಿ. ಇನ್ನ ನನಗ ಎತ್ಲಾಕ ಆಗಂಗಿಲ್ಲ. ನಿನ್ನ ಹೆಸರಿಗಿ ಮಾಡ್ಸೋಣು."

ನಕ್ಕೆ. ಆಮೇಲೆ ನಿದ್ದೆ ಬರಲಿಲ್ಲ.

22 ಸೆಪ್ಟೆಂಬರ್, ರಾತ್ರಿ 10

ಪುಣೆಯಿಂದ ಮನೆಯವರ ಫೋನ್. ಬಂದೂಕಿನ ವಿಷಯ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ: "ಹ್ವಾದ ವರ್ಷ ಭುಜ ಹಿಡ್ಕೊಂಡು ಜಡಿ ಹಾಕ್ಕೋಲಾಕ ಬರ್ತಿದ್ದಿಲ್ಲ ನಿನಗ. ಬಂದೂಕ ಹಿಡೀತಿ? ಹೊಲಾ ಲಾವಣಿಗಿ ಹಾಕಿ ಇಲ್ಲಿಗಿ ಬಂದ್ಬಿಡ್ರಿ, ತಾಯಿ ಮಗಳು."

ಅಪ್ಪ ಎಲ್ಲಿಗೆ? ನಾನು ಕೇಳಲಿಲ್ಲ. ಅವರೂ ಹೇಳಲಿಲ್ಲ.

29 ಸೆಪ್ಟೆಂಬರ್

ಜೋಳ ತೂಗುವ ಕಾಟಾದ ಮೇಲೆ ಅಪ್ಪನ ಜೋಡಿ ನಳಿಗೆ: 3 ಕಿಲೊ 400 ಗ್ರಾಂ. ಅಪ್ಪ ಮೊದಲು ಅದನ್ನು ಮಡಚಿ ತೋರಿಸಿದ. ಎರಡೂ ನಳಿಗೆಯ ಆ ಕಡೆ ಬೆಳಕು ಕಂಡಿತು, ಖಾಲಿ. ಗೋಡೆಗೆ ಮುಖ ಮಾಡಿ ಭುಜಕ್ಕಿಟ್ಟೆ. ಎತ್ತುವಾಗಲೇ ನೋವು. ಕುಂದಾ ನನಗೆ ಉದ್ದ. ಕೆನ್ನೆ ಮರಕ್ಕೆ ತಾಗಬೇಕಾದರೆ ಕುತ್ತಿಗೆ ಚಾಚಬೇಕು. ಭುಜದ ಗುಣಿ ಬಿಟ್ಟು ತೋಳಿನ ಎಲುಬಿನ ಮೇಲೆ ಹೋಗಿ ಕೂರುತ್ತದೆ.

"ಅಲ್ಲಿಟ್ಟು ಹೊಡದ್ರ ಮರದಿನ ರೊಟ್ಟಿ ಬಡೀಲಾಕ ಆಗಂಗಿಲ್ಲ ನೋಡು" ಅಂದ ಅಪ್ಪ.

ದರ್ಜಿಯ ಟೇಪಿನಲ್ಲಿ ಅಳೆದೆ. ಕುದುರೆಯಿಂದ ಕುಂದಾದ ತುದಿಗೆ ಹದಿನಾಲ್ಕೂವರೆ ಇಂಚು. ನನ್ನ ತೋಳಿಗೆ 13 ಸಾಕು.

5 ಅಕ್ಟೋಬರ್

ಕಲಬುರಗಿ. ಬೇರೆ ಕೆಲಸ ಮುಗಿಸಿ ಬಂದೂಕಿನ ಅಂಗಡಿಗೆ. ಮೆಟ್ಟಿಲೇರುವಾಗ ಸೆರಗು ಸರಿ ಮಾಡಿಕೊಂಡೆ, ಯಾಕೋ.

ಒಂಟಿ ನಳಿಗೆ, ಜಮ್ಮುವಿನದು, 2 ಕಿಲೊ 700. "ಹೆಣ್ಮಕ್ಕಳಿಗಿ ಇದೇ ಬೇಸ್ ಅಕ್ಕಾರ, ಹಗುರ ಅದ." ಬೆಲೆಯನ್ನು ಮನಸ್ಸಿನಲ್ಲೇ ತೊಗರಿ ಮಾಡಿ ನೋಡಿದೆ. ಈ ಸಲದ ಬೆಂಬಲ ಬೆಲೆ ಕ್ವಿಂಟಲಿಗೆ 7,550. ನಾಲ್ಕು ಕ್ವಿಂಟಲ್ ಹೋಗುತ್ತದೆ. ಹೊಸ ಜೋಡಿ ನಳಿಗೆ ಅದರ ಎರಡರಷ್ಟಕ್ಕೂ ಮೇಲೆ. ಅಂಗಡಿಯವನು ಆರ್ಡನೆನ್ಸ್ ಫ್ಯಾಕ್ಟರಿಯ ಪಂಪ್ ಆ್ಯಕ್ಷನ್ ತೋರಿಸಲು ಬಂದ. ಬೇಡವೆಂದೆ.

12 ಬೋರ್ ಅಂದರೇನು ಅಂತ ಕೇಳಿದ್ದಕ್ಕೆ ಸಿಟ್ಟಾಗದೆ ಹೇಳಿದ. ನಳಿಗೆಗೆ ಸರಿಹೊಂದುವ ಸೀಸದ ಗುಂಡು ಒಂದು ಪೌಂಡಿಗೆ ಹನ್ನೆರಡು ಬಂದರೆ 12 ಬೋರ್, ಇಪ್ಪತ್ತು ಬಂದರೆ 20. ನಂಬರು ಏರಿದಷ್ಟೂ ನಳಿಗೆ ಸಣ್ಣದು. ಹಾಗಾದರೆ ನನಗೆ 20 ಬೋರ್ ಒಳ್ಳೆಯದಲ್ಲವೇ?

"ಬಂದೂಕ ಎಲ್ಲಿಂದಾದ್ರೂ ತರಸ್ತೀನಿ. ಕಾರ್ತೂಸ್ ಎಲ್ಲಿಂದ ತರ್ತೀರಿ? ಖಡ್ಕಿಯಿಂದ ಬರೋ ಚರೆ ಕಾರ್ತೂಸ್ ಎಲ್ಲಾ ಹನ್ನೆರಡೇ."

ಹಗುರಾದದ್ದನ್ನು ಕೈಯಲ್ಲಿ ಹಿಡಿದಾಗ ಸಲೀಸು ಅನ್ನಿಸಿತು. ಮುಂಗಡ ಕೊಡಲಿಲ್ಲ.

6 ಅಕ್ಟೋಬರ್

ಮಗಳ ಪಿಯುಸಿ ಭೌತಶಾಸ್ತ್ರ ಕೆಲಸಕ್ಕೆ ಬಂತು. ಅವಳು ಬರೆದದ್ದನ್ನು ಇಲ್ಲಿ ಇಳಿಸಿಕೊಂಡಿದ್ದೇನೆ. ಮುಂದೆ ಹೋಗುವ ಚರೆಯ ತೂಕ, ವೇಗ ಗುಣಿಸಿದರೆ ಎಷ್ಟೋ ಅಷ್ಟೇ ಹಿಂದಕ್ಕೂ. ಮದ್ದಿನ ಹೊಗೆಯ ಪಾಲು ಬಿಟ್ಟಿದ್ದಾಳೆ. ವೇಗ ಸೆಕೆಂಡಿಗೆ 380 ಮೀಟರ್ ಹಿಡಿದಿದ್ದಾಳೆ.

ಒಂಟಿ ನಳಿಗೆ, 32 ಗ್ರಾಂ ಚರೆ: ಸುಮಾರು 27 ಜೂಲ್.
ಮುತ್ಯಾನ ಜೋಡಿ ನಳಿಗೆ, ಅದೇ ಚರೆ: 22.
ಜೋಡಿ ನಳಿಗೆ, 28 ಗ್ರಾಂ ಚರೆ: 17.

"ಅಂಗಡಿಯಂವ ಉಲ್ಟಾ ಹೇಳ್ಯಾನವ್ವ. ಹಗುರಿದ್ದದ್ದೇ ಜಾಸ್ತಿ ಒದೀತದ."

ಅಂದರೆ ಎತ್ತಲು ಆಗುವುದು ಒದೆಯುತ್ತದೆ. ಒದೆಯದೇ ಇರುವುದನ್ನು ಎತ್ತಲು ಆಗುವುದಿಲ್ಲ. ಅಪ್ಪನಿಗೆ ಓದಿ ಹೇಳಿದೆ. ಲೆಕ್ಕ ಮಾಡದೆಯೇ ಅವನಿಗೆ ಗೊತ್ತಿತ್ತು. ಒಂದು ಮಾತು ಸೇರಿಸಿದ: ಸಡಿಲ ಹಿಡಿದರೆ ಹಗುರವಿರಲಿ, ಭಾರವಿರಲಿ, ಭುಜಕ್ಕೆ ಗುದ್ದು ತಪ್ಪಿದ್ದಲ್ಲ.

17 ಅಕ್ಟೋಬರ್, ಸೀಗಿ ಹುಣ್ಣಿಮೆ

ಚರಗ ಚೆಲ್ಲಿ ಬಂದೆವು. ರಾತ್ರಿ ಮತ್ತೆ ಹೊಲಕ್ಕೆ ಹೋದೆ. ಬೆಳದಿಂಗಳಲ್ಲಿ ಚಿಗರಿ ಹಿಂಡು, ಹೂ ಕಚ್ಚುತ್ತಿವೆ. ಕೈ ತಟ್ಟಿದೆ. ತಲೆ ಎತ್ತಿ ನೋಡಿ ಮತ್ತೆ ಮೇಯ್ದವು. ಚಿಗರಿ ವನ್ಯಜೀವಿ ಕಾಯ್ದೆಯ ಮೊದಲನೇ ಪಟ್ಟಿಯ ಪ್ರಾಣಿ, ಅದರ ಮೇಲೆ ಗುಂಡಿನ ಮಾತೇ ಇಲ್ಲ. ಹಂದಿ ಮೊದಲು ಮೂರನೆಯ ಪಟ್ಟಿಯಲ್ಲಿತ್ತು. 2022ರ ತಿದ್ದುಪಡಿಯ ಮೇಲೆ ಎರಡನೆಯದಕ್ಕೆ ಬಂದಿದೆ. ಬೆಳೆ ಹಾಳು ಮಾಡುತ್ತಿದ್ದರೆ ಹೊಡೆಯಲು ಅರಣ್ಯ ಇಲಾಖೆಯ ಅಧಿಕಾರಿ ಬರೆದು ಕೊಡಬೇಕು. ಬಂದೂಕಿನ ಲೈಸೆನ್ಸ್ ಬೇರೆ, ಆ ಕಾಗದ ಬೇರೆ.

ಹಾಗಾದರೆ ಅಪ್ಪ ಇಷ್ಟು ವರ್ಷ ಏನು ಮಾಡುತ್ತಿದ್ದ?

"ಸಪ್ಪಳ" ಅಂದ. "ಮ್ಯಾಲ ಹಾರಸ್ತಿದ್ದೆ."

ಪೂರ್ತಿ ನಂಬಬೇಕೋ ಬೇಡವೋ.

3 ನವೆಂಬರ್

ದೀಪಾವಳಿ ಪಟಾಕಿಗೆ ಹಂದಿ ಸುಳಿಯಲಿಲ್ಲ. ನಿನ್ನೆ ರಾತ್ರಿ ಉಳಿದ ಪಟಾಕಿ ಹಚ್ಚಿದೆ, ಹಳ್ಳದಾಚೆ ನಿಂತು ಕೇಳಿದವು. ಸಪ್ಪಳಕ್ಕೇ ಆದರೆ ನಾಲ್ಕು ಕ್ವಿಂಟಲ್ ಯಾಕೆ? ಪಟಾಕಿ ಸಾಕಲ್ಲ. ಪಟಾಕಿ ಸಾಕಾಗಿದ್ದರೆ ಅವು ಯಾಕೆ ನಿಂತಿದ್ದವು?

10 ನವೆಂಬರ್

ಬಾಜು ಹೊಲದ ಬೇಲಿಗೆ ಯಾರೋ ಕರೆಂಟ್ ಬಿಟ್ಟಿದ್ದರು. ಕರು ಸತ್ತಿತು. ಕೂಲಿ ಹೆಣ್ಣುಮಗಳು ಬೆಳಗಿನ ಜಾವ ಅದೇ ದಾರಿಯಲ್ಲಿ ನಡೆದು ಬಂದಿದ್ದಳು. ಇಡೀ ದಿನ ಕೈ ನಡುಗಿತು. ಬಂದೂಕಿಗೆ ನಂಬರ್ ಇದೆ, ಹಿಡಿದವರ ಹೆಸರಿದೆ. ತಂತಿಗೆ ಯಾರ ಹೆಸರೂ ಇಲ್ಲ.

ಈ ಮಾತು ನನಗೆ ನಾನೇ ಹೇಳಿಕೊಳ್ಳುವ ನೆಪವೂ ಇರಬಹುದು.

ಅಕ್ಕ ಅಫಜಲಪುರದಿಂದ ಬಂದು ವಾರಸುದಾರರ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದಳು. "ಹೊಲಾ ನಿನಗ, ಬಂದೂಕಾನೂ ನಿನಗ" ಅಂದು ನಕ್ಕಳು. ಆ ನಗು ಪೂರಾ ನಗುವಲ್ಲ.

24 ನವೆಂಬರ್

ಪೊಲೀಸರ ನಾಗರಿಕ ಬಂದೂಕು ತರಬೇತಿ ಮುಗಿಯಿತು. ಅರ್ಜಿಯ ಜೊತೆ ಇಡಲು ಎಸ್-1 ಪ್ರಮಾಣಪತ್ರ ಬೇಕು, 2016ರ ನಿಯಮ. ಹೆಂಗಸರು ಕಡಿಮೆ, ನನ್ನ ವಯಸ್ಸಿನವರು ಇನ್ನೂ ಕಡಿಮೆ.

ಎಡಗಾಲು ಮುಂದೆ. ಮೈ ಮುಂದಕ್ಕೆ ಬಾಗಬೇಕು. ಕುಂದಾ ಗುಣಿಯಲ್ಲಿ ಗಟ್ಟಿ. ಕೆನ್ನೆ ಮರಕ್ಕೆ. ಉಸಿರು ಅರ್ಧ ಬಿಟ್ಟು ನಿಲ್ಲಿಸಿ ಒತ್ತಬೇಕು. "ಮೇಡಂ, ಹೆದರಿ ಹಿಂದಕ್ಕೆ ವಾಲ್ತೀರಿ, ಅದಕ್ಕೇ ಬಡೀತದ." ಮೊದಲ ಗುಂಡಿಗೆ ಕಣ್ಣು ಮುಚ್ಚಿದ್ದೆ. ಕೊನೆಯದಕ್ಕೆ ಮುಚ್ಚಲಿಲ್ಲ. ಅದು ರೈಫಲ್. 12 ಬೋರ್ ಬೇರೆ ಥರ ದಬ್ಬುತ್ತದಂತೆ.

ರಾತ್ರಿ ಕನ್ನಡಿ ಮುಂದೆ ನೋಡಿಕೊಂಡೆ. ಭುಜದ ಕೆಳಗೆ ನೇರಳೆ ಕಲೆ. ನೋವಿದೆ. ಹೇಳಬಾರದು, ಆದರೂ ಖುಷಿಯಾಗಿದೆ. ಪುಣೆಗೆ ಫೋನಿನಲ್ಲಿ ಕಲೆಯ ಸುದ್ದಿ ಎತ್ತಲಿಲ್ಲ.

8 ಡಿಸೆಂಬರ್

ಹೊಸ ಲೆಕ್ಕ. ಹೊಸದು ಬೇಡ. ಅಪ್ಪನದನ್ನೇ ಇಟ್ಟುಕೊಂಡು ಕುಂದಾ ಒಂದೂವರೆ ಇಂಚು ಕೊಯ್ಸಿ, ಹಿಂದೆ ದಪ್ಪ ರಬ್ಬರ್ ಹಚ್ಚಿಸಬಹುದು. ರಬ್ಬರಿನ ದಪ್ಪವನ್ನೂ ಸೇರಿಸಿ ಕೊಯ್ಯಬೇಕು. ಕಾರ್ತೂಸ್ 65 ಮಿಲಿಮೀಟರಿನದು, ಕಡಿಮೆ ಚರೆಯದು. ಲೈಸೆನ್ಸ್ ಇರುವ ಕಾರೀಗರನ ಹತ್ತಿರವೇ ಮಾಡಿಸಬೇಕು. ಹೈದರಾಬಾದಿನಲ್ಲಿ ಒಳ್ಳೆಯವರಿದ್ದಾರೆ, ಆದರೆ ಲೈಸೆನ್ಸ್ ಕರ್ನಾಟಕಕ್ಕೆ ಮಾತ್ರ. ಒಂದು ಕ್ವಿಂಟಲ್ ತೊಗರಿಯೊಳಗೆ ಮುಗಿಯುತ್ತದೆ.

ಅಪ್ಪನಿಗೆ ಹೇಳಿದೆ. ಮರದ ಮೇಲೆ ಕೈಯಾಡಿಸಿದ. "ಕೊಯ್ದ ಮ್ಯಾಲ ಮತ್ತ ನನ್ನ ಭುಜಕ್ಕ ಕೂಡಂಗಿಲ್ಲ" ಅಂದ. ಇನ್ನು ಎತ್ತುವುದಿಲ್ಲ ಎಂದವನೂ ಅವನೇ.

ಮುಂದೆ ಮಾತು ಬೆಳೆಸಲಿಲ್ಲ. ಒಂಟಿ ನಳಿಗೆಯೇ ವಾಸಿಯೇನೋ, ಯಾರದ್ದನ್ನೂ ಕೊಯ್ಯುವುದು ಬೇಡ.

30 ಡಿಸೆಂಬರ್, ಎಳ್ಳ ಅಮಾವಾಸ್ಯೆ

ಸಜ್ಜೆ ರೊಟ್ಟಿ, ಭಜ್ಜಿ. ಪುಣೆಯಿಂದ ಬಂದಿದ್ದಾರೆ. ಹೊಲದ ತುಂಬ ನಡೆದು ನೋಡಿದರು. ನೆಟೆ ರೋಗ ಮೇಲಿನ ತುಂಡಿನಲ್ಲಿ ಅರ್ಧ ತೊಗರಿ ಒಣಗಿಸಿದೆ. ಹಂದಿ ತಿಂದದ್ದು ಹಳ್ಳದ ಕಡೆಯ ಮೂಲೆ ಮಾತ್ರ.

"ಇದಕ್ಕ ಯಾವ ಬೋರ್ ಬೇಕು?" ಅಂದರು. ಹಂಗಿಸಿದ್ದಲ್ಲ, ದುಃಖದಿಂದಲೇ ಅಂದದ್ದು. ಆದರೂ ಹೊತ್ತು ಮುಳುಗುವ ತನಕ ಮಾತಾಡಲಿಲ್ಲ ನಾನು.

ರಾತ್ರಿ ಅವರೇ ಬಂದೂಕು ಎತ್ತಿ ನೋಡಿದರು. ಭುಜಕ್ಕೆ ಸರಿಯಾಗಿ ಕೂತಿತು. ಹೊಟ್ಟೆಯೊಳಗೆ ಚುರ್ರೆಂದಿತು. ಪುಣೆಯಲ್ಲಿರುವವರಿಗೆ ಸರಿಹೊಂದಿ ಏನು ಉಪಯೋಗ.

12 ಜನವರಿ 2025

ಠಾಣೆಯಿಂದ ವಿಚಾರಣೆಗೆ ಬಂದಿದ್ದರು. ಬೀಗದ ಪೆಟ್ಟಿಗೆ ಎಲ್ಲಿಡುತ್ತೀರಿ, ಮನೆಯಲ್ಲಿ ಯಾರ್ಯಾರಿದ್ದಾರೆ, ಯಾಕೆ ಬೇಕು. "ಬೆಳೆ ರಕ್ಷಣೆಗೆ" ಅಂದೆ. ಚಹಾ ಕುಡಿದು ಹೋದರು. ಇನ್ನು ಫೈಲು ಡಿಸಿ ಕಚೇರಿಗೆ.

ಹೋದ ವರ್ಷ ಲೋಕಸಭೆ ಚುನಾವಣೆಗೆ ಅಪ್ಪ ಬಂದೂಕು ಠಾಣೆಯಲ್ಲಿಟ್ಟು, ಫಲಿತಾಂಶ ಬಂದ ಮೇಲೆ ತಂದಿದ್ದ. ಬೇಸಿಗೆ, ಹೊಲ ಖಾಲಿ, ನಡೆಯಿತು. ಪಂಚಾಯಿತಿ ಚುನಾವಣೆ ತೊಗರಿ ಕಾಯಿಗಟ್ಟುವಾಗ ಬಂದರೆ? ಆಗ ಭಾರ ಹಗುರದ ಪ್ರಶ್ನೆಯೇ ಬರುವುದಿಲ್ಲ.

ಮಗಳು ಕೇಳಿದಳು, "ಹಂದಿ ಎದುರಿಗಿ ಬಂದು ನಿಂತ್ರ ಹೊಡೀತಿ ಏನವ್ವ?"

ಗೊತ್ತಿಲ್ಲ ಅಂದೆ. ಅಪ್ಪ ಹೊರಗಿನ ಕಟ್ಟೆಯಿಂದ ಕೇಳಿಸಿಕೊಂಡ. ಏನೂ ಅನ್ನಲಿಲ್ಲ.

19 ಜನವರಿ

ರಾಶಿ ಮುಗಿಯಿತು. ಅಂದುಕೊಂಡದ್ದಕ್ಕಿಂತ ಕಡಿಮೆ. ನಾಳೆ ಕಾಟಾ. ಕೂಲಿ, ಮಿಷನ್ ಬಾಡಿಗೆ, ಹಮಾಲಿ, ಮಗಳ ಫೀಸು ತೆಗೆದು ನೋಡಬೇಕು. ನಾಲ್ಕು ಕ್ವಿಂಟಲ್ ಉಳಿಯುವ ಮಾತಿಲ್ಲ. ಒಂದು ಉಳಿದರೆ ಕುಂದಾ ಕೊಯ್ಸುವುದು. ಅಪ್ಪ ತಾನಾಗಿ ಹೂಂ ಅಂದರೆ.