ಹೊಲದ ಕೆಳಗಿನ ಕಲ್ಮನೆ

ಸಂತೆಕಲ್ಲೂರಿನ ನೆರೆಯ ಮಸ್ಕಿಯೆಂದೊಡನೆ ನಮಗೆ ನೆನಪಾಗುವುದು 1915ರಲ್ಲಿ ದೊರೆತ ಅಶೋಕನ ಶಾಸನ. ಅಶೋಕನಿಗಿಂತಲೂ ಹಿಂದಿನವರು ಅಲ್ಲಿ ಮಣ್ಣಾಗಿದ್ದಾರೆ. 1954ರಲ್ಲಿ ಬಿ.ಕೆ. ಥಾಪರ್ ಅವರು ಉತ್ಖನನ ನಡೆಸಿದಾಗ ಬೃಹತ್ ಶಿಲಾಯುಗದ ಸಮಾಧಿಗಳು ಬೆಳಕಿಗೆ ಬಂದವು.

ಕಲ್ಲುಚಪ್ಪಡಿಯ ಗೋರಿಗಳ ರಚನೆಯನ್ನು ವಿವರವಾಗಿ ತಿಳಿಸಿಕೊಟ್ಟದ್ದು ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ. 1947ರಲ್ಲಿ ಅಲ್ಲಿ ಅಗೆಸಿದವರು ಮಾರ್ಟಿಮರ್ ವೀಲರ್. ನಾಲ್ಕು ಚಪ್ಪಡಿಗಳನ್ನು ಒಂದಕ್ಕೊಂದು ಆತು ನಿಲ್ಲುವಂತೆ ನೆಟ್ಟು, ತಳಕ್ಕೊಂದನ್ನು ಹಾಸಿ, ಮೇಲೊಂದನ್ನು ಹೊದಿಸಿ, ಒಂದು ಬದಿಯ ಚಪ್ಪಡಿಯಲ್ಲಿ ದುಂಡನೆಯ ಕಿಂಡಿ ಕೊರೆದಿದ್ದರು. ಒಳಗೆ ಕಪ್ಪು-ಕೆಂಪು ಮಡಕೆಗಳು, ಕಬ್ಬಿಣದ ಉಪಕರಣಗಳು, ಎಲುಬುಗಳು. ಆ ಎಲುಬುಗಳು ಇಡೀ ದೇಹದವಲ್ಲ; ದೇಹ ಬೇರೆಡೆ ಕರಗಿದ ಮೇಲೆ ಆರಿಸಿ ತಂದಿಟ್ಟವು. ಒಂದೇ ಗೋರಿಯಲ್ಲಿ ಹಲವರದು. ಯೋಚಿಸಿ ನೋಡಿ, ಸತ್ತವರನ್ನು ಎರಡು ಬಾರಿ ಬೀಳ್ಕೊಟ್ಟ ಜನ ಅವರು!

ಗಂಗಾವತಿಯ ಬಳಿಯ ಹಿರೇಬೆಣಕಲ್ಲಿನಲ್ಲಿ ನೆಲದ ಮೇಲೆಯೇ ನಿಂತಿರುವ ಇಂಥವನ್ನು ಜನರು ಮೋರ್ಯರ ಮನೆಗಳೆನ್ನುತ್ತಾರೆ. ಕುಳ್ಳರಾದ ಮೋರ್ಯರು ಅವುಗಳಲ್ಲಿ ವಾಸವಾಗಿದ್ದರೆಂಬುದು ಕಥೆ. ಆ ಪುಟ್ಟ ಕಿಂಡಿಯನ್ನು ಕಂಡವರಿಗೆ ಕಥೆ ಹುಟ್ಟಿದ್ದು ಸಹಜವೆನಿಸೀತು.

ಅಬ್ರಹಾಮನು ಸಾರಳನ್ನು ಹೂಳಲು ಮಕ್ಪೇಲದ ಹೊಲವನ್ನು 400 ಶೆಕೆಲ್ ಬೆಳ್ಳಿ ತೂಗಿಕೊಟ್ಟು ಕೊಂಡನು. ನಮ್ಮ ಹೊಲಗಳಲ್ಲಿ ಮಲಗಿರುವವರಿಗೆ ಪಹಣಿಯಿಲ್ಲ. ನೇಗಿಲಿಗೆ ಚಪ್ಪಡಿ ತಗುಲಿದರೆ ಕೆಲವರಿಗೆ ನಿಧಿಯ ಆಸೆ. ರಾತ್ರೋರಾತ್ರಿ ಒಡೆದು ನೋಡಿದರೆ ಸಿಕ್ಕುವುದು ಮಡಕೆಯ ಚೂರು. ಆದುದರಿಂದ ಕಲ್ಲನ್ನು ಎತ್ತುವ ಮುನ್ನ ತಹಶೀಲ್ದಾರರಿಗೋ ಪುರಾತತ್ತ್ವ ಇಲಾಖೆಗೋ ತಿಳಿಸಿರಿ. ಯಾವ ಎಲುಬು ಯಾವ ಮಡಕೆಯ ಪಕ್ಕದಲ್ಲಿತ್ತೆಂಬುದು ಒಮ್ಮೆ ಕದಡಿದರೆ ಮತ್ತೆ ಯಾರಿಗೂ ತಿಳಿಯದು.